ಮೊದಲೇ ಗೊತ್ತಿರುವ ಮಗುವಿಗೆ ನಮ್ಮ ಪಾಠಯೋಜನೆಯಲ್ಲಿ ಏನಿದೆ?

ಅಭ್ಯಾಸ ಬೋಧನೆಯ ದಿನಗಳು ಬಂದವೆಂದರೆ ನನ್ನ ಬೆಳಗು ಮೈಸೂರಿನ ಸಬರ್ಬನ್ ಬಸ್ ನಿಲ್ದಾಣದಲ್ಲಿ ಶುರುವಾಗುತ್ತದೆ. ಒಂದು ದಿನ ಹುಣಸೂರು, ಮರುದಿನ ಪಿರಿಯಾಪಟ್ಟಣ, ಮತ್ತೊಂದು ದಿನ ಕೆ.ಆರ್.ನಗರ ಅಥವಾ ಹೆಚ್.ಡಿ.ಕೋಟೆ. ಬಗಲಲ್ಲಿ ವೀಕ್ಷಣಾ ಪುಸ್ತಕ, ಡಬ್ಬಿಯಲ್ಲಿ ಮಧ್ಯಾಹ್ನದ ಊಟ. ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತು ಪ್ರಶಿಕ್ಷಣಾರ್ಥಿಗಳ ಪಾಠ ನೋಡುವುದು, ಪಟ್ಟಿಯಲ್ಲಿ ಅಂಕ ಹಾಕುವುದು, ಕೆಳಗೆ ನಾಲ್ಕು ಸಾಲು ಸಲಹೆ ಬರೆಯುವುದು ನನ್ನ ಕೆಲಸ. ನಾನು ಗಣಿತ ಬೋಧನಾ ಪದ್ಧತಿಯ ಅಧ್ಯಾಪಕ. ಹೀಗೆ ಬರೆದ ಸಾವಿರಾರು ಸಾಲುಗಳಲ್ಲಿ ಒಂದು ಸಾಲು ಇಂದಿಗೂ ನನ್ನನ್ನು ಚುಚ್ಚುತ್ತದೆ. ಈ ಲೇಖನ ಆ ಸಾಲಿನ ಬಗ್ಗೆ.

ಎಂಟು ವರ್ಷಗಳ ಹಿಂದಿನ ಮಾತು. ಹುಣಸೂರು ಕಡೆಯ ಒಂದು ಪ್ರೌಢಶಾಲೆ, ಎಂಟನೆಯ ತರಗತಿ, ವರ್ಗಸಂಖ್ಯೆಗಳ ಪಾಠ. ನಮ್ಮ ಪ್ರಶಿಕ್ಷಣಾರ್ಥಿ ಒಳ್ಳೆಯ ತಯಾರಿ ಮಾಡಿಕೊಂಡು ಬಂದಿದ್ದ. 35ರ ವರ್ಗವನ್ನು 30 ಮತ್ತು 5 ಎಂದು ಒಡೆದು, ವಿಸ್ತರಿಸಿ, 900, 150, 150, 25 ಎಂದು ಕೂಡಿಸುವುದು ಅವನ ಯೋಜನೆ. ಕಪ್ಪುಹಲಗೆಯ ಮೇಲೆ '35ರ ವರ್ಗ' ಎಂದು ಬರೆಯುತ್ತಿದ್ದಂತೆಯೇ ಮೂರನೆಯ ಬೆಂಚಿನ ಹುಡುಗಿಯೊಬ್ಬಳು "ಸಾವಿರದ ಇನ್ನೂರ ಇಪ್ಪತ್ತೈದು ಸಾರ್" ಎಂದಳು. ಆತ ಕೇಳಿಸಿಕೊಳ್ಳದವನಂತೆ ಮುಂದುವರಿದ. 45ರ ವರ್ಗ ಬರೆದಾಗ ಅವಳೇ "ಎರಡು ಸಾವಿರದ ಇಪ್ಪತ್ತೈದು" ಎಂದಳು. ಆತ ತಿರುಗಿ, "ಉತ್ತರ ಹೇಳಿದರೆ ಸಾಲದಮ್ಮ, ಸ್ಟೆಪ್ಸ್ ಬೇಕು. ಕೈ ಎತ್ತದೆ ಮಾತಾಡಬಾರದು, ಕೂತ್ಕೋ" ಎಂದ. ಹುಡುಗಿ ಕುಳಿತಳು. ಉಳಿದ ಅರ್ಧ ಗಂಟೆ ಕಿಟಕಿಯಿಂದ ಹೊರಗೆ ನೋಡಿದಳು. ಪಾಠ ಯೋಜನೆಯಂತೆಯೇ ಸಾಗಿ ಗಂಟೆ ಹೊಡೆಯುವುದಕ್ಕೆ ಸರಿಯಾಗಿ ಮುಗಿಯಿತು.

ನಾನು ತರಗತಿ ನಿರ್ವಹಣೆಯ ಕಾಲಂನಲ್ಲಿ 10ಕ್ಕೆ 9 ಹಾಕಿದೆ. ಕೆಳಗೆ ಹೀಗೆ ಬರೆದೆ: "ನಡುವೆ ಬಾಯಿಹಾಕುವ ವಿದ್ಯಾರ್ಥಿನಿಯನ್ನು ಜಾಣ್ಮೆಯಿಂದ ನಿಭಾಯಿಸಿದ್ದೀರಿ. ಅಭಿನಂದನೆ."

ಮರುವರ್ಷ ಅದೇ ಶಾಲೆಗೆ ಇನ್ನೊಂದು ತಂಡ ಹೋಯಿತು. ಶಿಕ್ಷಕರ ಕೊಠಡಿಯಲ್ಲಿ ಚಹಾ ಕುಡಿಯುತ್ತಿದ್ದಾಗ ಆ ಹುಡುಗಿ ಹೇಗಿದ್ದಾಳೆ ಎಂದು ಸುಮ್ಮನೆ ಕೇಳಿದೆ. ಅಲ್ಲಿನ ಗಣಿತದ ಮೇಷ್ಟ್ರು ಒಳ್ಳೆಯವರು, ಮಕ್ಕಳ ಬಗ್ಗೆ ಕಾಳಜಿ ಇದ್ದವರು. ಅವರು ಸಂತೋಷದಿಂದಲೇ ಹೇಳಿದರು: "ಅವಳಾ ಸಾರ್? ಮೊದಲು ಸ್ವಲ್ಪ ತಲೆಹರಟೆ. ಈಗ ಸರಿಹೋಗಿದ್ದಾಳೆ. ಒಂದು ಮಾತೂ ಆಡೋಲ್ಲ."

ಆ ಮಾತು ನನಗೆ ಬಸ್ಸಿನಲ್ಲಿ ಬರುವಾಗಲೂ ಕೇಳಿಸುತ್ತಿತ್ತು. ಅವಳನ್ನು ಸರಿಮಾಡಿದ್ದರಲ್ಲಿ ನನ್ನದೂ ಪಾಲಿತ್ತು. ಎರಡು ದಿನ ಬಿಟ್ಟು ಮತ್ತೆ ಹೋದಾಗ ಮೇಷ್ಟ್ರ ಅನುಮತಿ ಕೇಳಿ ಅವಳನ್ನು ಮಾತಾಡಿಸಿದೆ. "ಹೋದ ವರ್ಷ 35ರ ವರ್ಗ ಹೇಗೆ ಅಷ್ಟು ಬೇಗ ಹೇಳಿದೆಯಮ್ಮ?" ಎಂದೆ. ಅವಳು ಮೊದಲು ಕೇಳಿದ್ದು, "ಸ್ಟೆಪ್ಸ್ ಬರೀಬೇಕಾ ಸಾರ್?" ಬೇಡ, ಬಾಯಲ್ಲೇ ಹೇಳು ಎಂದ ಮೇಲೆ ನಿಧಾನವಾಗಿ ಬಿಡಿಸಿಟ್ಟಳು.

ಅವರ ಮನೆಯಲ್ಲಿ ಹೊಗೆಸೊಪ್ಪು ಬೆಳೆಯುತ್ತಾರೆ. ಹೊಲದಲ್ಲಿ 35 ಸಾಲು, ಸಾಲಿಗೆ 35 ಸಸಿ ಇದೆ ಎಂದುಕೊಳ್ಳಬೇಕು. ಕೊನೆಯ 5 ಸಾಲುಗಳನ್ನು ಕಿತ್ತುಬಿಡಬೇಕು. ಉಳಿಯುವುದು 30 ಸಾಲು. ಕಿತ್ತ 5 ಸಾಲುಗಳಲ್ಲಿ ಒಂದೊಂದರಿಂದಲೂ 30 ಸಸಿ ತೆಗೆದು, ಉಳಿದ 30 ಸಾಲುಗಳ ತುದಿಗೆ ಒಂದೊಂದಾಗಿ ನೆಡಬೇಕು. ಈಗ 30 ಸಾಲು, ಸಾಲಿಗೆ 40 ಸಸಿ, ಒಟ್ಟು 1,200. ಕೈಯಲ್ಲಿ ಉಳಿದದ್ದು ಐದೈದರ ಐದು ಕಟ್ಟು, 25. ಸೇರಿಸಿದರೆ 1,225.

ಗಣಿತದ ಅಧ್ಯಾಪಕರಿಗೆ ಇದರ ಬೆಲೆ ಹೇಳಬೇಕಾಗಿಲ್ಲ. 5ರಿಂದ ಕೊನೆಗೊಳ್ಳುವ ಸಂಖ್ಯೆಯ ವರ್ಗಕ್ಕೆ ಒಂದು ಸುಲಭೋಪಾಯ ಇದೆಯೆಂದು ನಾವೆಲ್ಲ ಕಲಿತಿದ್ದೇವೆ, ಕಲಿಸಿದ್ದೇವೆ. ಅದು ಏಕೆ ಸರಿ ಎಂಬುದನ್ನು ಹನ್ನೆರಡು ಹದಿಮೂರು ವಯಸ್ಸಿನ ಮಗು ತಾನಾಗಿ, ಚಿತ್ರವಾಗಿ ಕಂಡುಕೊಂಡಿತ್ತು. ನಾವು ಬೀಜಗಣಿತದಲ್ಲಿ ಬರೆಯುವ ನಿತ್ಯಸಮೀಕರಣ ಅವಳ ಹೊಲದಲ್ಲಿ ನಿಂತಿತ್ತು. ನಾನು ಕೇಳಿದೆ: "36ಕ್ಕೂ ಹೀಗೆ ಮಾಡಬಹುದಾ?" ಅವಳು "ಗೊತ್ತಿಲ್ಲ ಸಾರ್" ಎಂದು ತಲೆ ತಗ್ಗಿಸಿದಳು. ಒಂದು ವರ್ಷದ ಹಿಂದೆ ಕೇಳಿದ್ದರೆ ನೆಗೆದು ಉತ್ತರ ಹೇಳುತ್ತಿದ್ದಳೇನೋ.

ಆ ದಿನ ಇನ್ನೊಂದು ವಿಷಯ ತಿಳಿಯಿತು. ಅವಳು ಎನ್.ಎಂ.ಎಂ.ಎಸ್. ಪರೀಕ್ಷೆಯನ್ನೇ ಬರೆದಿರಲಿಲ್ಲ. ಅರ್ಜಿ ಕಳುಹಿಸುವ ಹೊತ್ತಿಗೆ ಮನೆಯಲ್ಲಿ ಬ್ಯಾರನ್ ಹೊತ್ತಿತ್ತು. ಸೊಪ್ಪು ಮುರಿದು, ಕಡ್ಡಿಗೆ ಕಟ್ಟಿ, ಬೇಯಿಸುವ ದಿನಗಳಲ್ಲಿ ಹುಣಸೂರು, ಪಿರಿಯಾಪಟ್ಟಣದ ಎಷ್ಟೋ ಮನೆಗಳಲ್ಲಿ ಮಕ್ಕಳ ಕೈಯೂ ಬೇಕಾಗುತ್ತದೆ. ಅವಳು ಶಾಲೆಗೆ ಬಂದಿರಲಿಲ್ಲ, ಆದಾಯ ಪ್ರಮಾಣಪತ್ರ ತರಿಸಿರಲಿಲ್ಲ, ಯಾರೂ ಹಿಂದೆಬಿದ್ದು ಕೇಳಿರಲಿಲ್ಲ. ಆ ಪರೀಕ್ಷೆ ಇರುವುದು ಎಂಟನೆಯ ತರಗತಿಯಲ್ಲಿ ಮಾತ್ರ. ಒಂಬತ್ತಕ್ಕೆ ಬಂದ ಮೇಲೆ ಆ ಬಾಗಿಲು ಮತ್ತೆ ತೆರೆಯುವುದಿಲ್ಲ.

ಅಂದಿನಿಂದ ನಾನು ನಮ್ಮ ತರಬೇತಿಯನ್ನು ಬೇರೆ ಕಣ್ಣಿನಿಂದ ನೋಡತೊಡಗಿದೆ. ನಮ್ಮ ಬಿ.ಎಡ್. ಪಠ್ಯದಲ್ಲಿ ಪ್ರತಿಭಾನ್ವಿತ ಮಕ್ಕಳ ಬಗ್ಗೆ ಓದುತ್ತೇವೆ. ಲಕ್ಷಣಗಳನ್ನು ಪಟ್ಟಿಮಾಡಿ, ಪರೀಕ್ಷೆಯಲ್ಲಿ ಬರೆದು ಅಂಕ ಪಡೆಯುತ್ತೇವೆ. ಆದರೆ ಅಭ್ಯಾಸ ಬೋಧನೆಗೆ ಹೊರಟಾಗ ಆ ಪಟ್ಟಿ ಕಾಲೇಜಿನಲ್ಲೇ ಉಳಿಯುತ್ತದೆ. ಪಾಠಯೋಜನೆಯಲ್ಲಿ ಪೂರ್ವಜ್ಞಾನಕ್ಕೆ ಜಾಗವಿದೆ, ಮೌಲ್ಯಮಾಪನಕ್ಕೆ ಜಾಗವಿದೆ, ಹಿಂದುಳಿದವರಿಗೆ ಪರಿಹಾರ ಬೋಧನೆಯ ಜಾಗವಿದೆ. ಇಂದಿನ ಪಾಠ ಈಗಾಗಲೇ ಗೊತ್ತಿರುವ ಮಗು ಆ 40 ನಿಮಿಷ ಏನು ಮಾಡಬೇಕು ಎಂಬುದಕ್ಕೆ ಒಂದು ಸಾಲಿನ ಜಾಗವೂ ಇಲ್ಲ. ಯೋಜನೆಯಲ್ಲಿ ಜಾಗವಿಲ್ಲದ ಮಗು ತರಗತಿಯಲ್ಲಿ ತೊಂದರೆಯಾಗಿಯೇ ಕಾಣುತ್ತದೆ. ತೊಂದರೆಯನ್ನು ನಿಭಾಯಿಸಿದ್ದಕ್ಕೆ ನನ್ನಂಥ ಮೇಲ್ವಿಚಾರಕ ಅಂಕ ಕೊಡುತ್ತಾನೆ.

ಇಷ್ಟಾದರೂ ಆ ಮಗು ಯಾರು ಎಂದು ತಿಳಿಯುವುದು ಹೇಗೆ? ಮೊದಲು ನಾನು ಅಂಕಪಟ್ಟಿ ನೋಡುತ್ತಿದ್ದೆ. ಅಂಕಪಟ್ಟಿ ಎಷ್ಟು ಸುಳ್ಳು ಹೇಳಬಲ್ಲದು ಎಂಬುದನ್ನು ಮುಂದಿನ ವರ್ಷಗಳಲ್ಲಿ ಉಳಿದ ಮೂರು ತಾಲ್ಲೂಕುಗಳು ಒಂದೊಂದು ರೀತಿಯಲ್ಲಿ ತೋರಿಸಿದವು.

ಮೊದಲನೆಯದು ಹೆಚ್.ಡಿ.ಕೋಟೆಯದು. ವಿಜ್ಞಾನ ವಿಭಾಗದ ಸಹೋದ್ಯೋಗಿ ರಜೆಯಲ್ಲಿದ್ದರಿಂದ ಆ ದಿನ ಹತ್ತನೆಯ ತರಗತಿಯ ಜೀವಶಾಸ್ತ್ರದ ಪಾಠ ನೋಡಲು ನಾನೇ ಹೋಗಿದ್ದೆ. ಆಹಾರ ಸರಪಳಿ, ಶಕ್ತಿಯ ಹರಿವು. ಪ್ರಶಿಕ್ಷಣಾರ್ಥಿ ಹಲಗೆಯ ಮೇಲೆ ಹುಲ್ಲು, ಜಿಂಕೆ, ಹುಲಿ ಬರೆದು, ಒಂದು ಹಂತದಿಂದ ಮುಂದಿನ ಹಂತಕ್ಕೆ ಸುಮಾರು 10 ಶೇಕಡಾ ಶಕ್ತಿ ಮಾತ್ರ ದಾಟುತ್ತದೆ ಎಂದು ವಿವರಿಸಿ, 1,000, 100, 10 ಎಂದು ಕೆಳಗೆ ಬರೆದಳು. ಹಿಂದಿನ ಸಾಲಿನಲ್ಲಿದ್ದ ಹಾಡಿಯ ಹುಡುಗನೊಬ್ಬ ಎದ್ದು ನಿಂತ. ತರಗತಿಯಲ್ಲಿ ಮಾತು ಕಡಿಮೆ, ಬರೆಯುವ ಕನ್ನಡದಲ್ಲಿ ತಪ್ಪು ಹೆಚ್ಚು, ಅಂಕ ಮೂವತ್ತರ ಆಸುಪಾಸು. ಅವನು ಕೇಳಿದ: "ಆನೆಯೂ ಸೊಪ್ಪೇ ತಿನ್ನೋದು ಮಿಸ್. ಆ ನೂರು ಜಿಂಕೆಗೊಂದೇನಾ, ಆನೆಗೂ ಸೇರಿಯಾ? ಸೇರಿ ಅಂದ್ರೆ, ದೊಡ್ಡಾನೆಯ ಹುಲಿ ತಿನ್ನಲ್ಲ. ಆನೆ ಪಾಲಿಂದು ಎಲ್ಲಿಗೆ ಹೋಯ್ತದೆ?"

ತರಗತಿ ನಕ್ಕಿತು. ಪ್ರಶಿಕ್ಷಣಾರ್ಥಿ "ಒಳ್ಳೆಯ ಪ್ರಶ್ನೆ, ಆಮೇಲೆ ಹೇಳ್ತೀನಿ" ಎಂದು ಮುಂದೆ ಹೋದಳು. ಆ ಆಮೇಲೆ ಆ ಅವಧಿಯಲ್ಲಿ ಬರಲಿಲ್ಲ. ಹೊರಗೆ ಬಂದಾಗ ಶಾಲೆಯ ಶಿಕ್ಷಕರೊಬ್ಬರು ಅಭಿಮಾನದಿಂದ, "ಹಾಡಿ ಹುಡುಗರಿಗೆ ಕಾಡಿನ ವಿಷಯ ಚೆನ್ನಾಗಿ ಗೊತ್ತು ಸಾರ್" ಎಂದರು.

ಅದು ಕಾಡಿನ ವಿಷಯವಾಗಿರಲಿಲ್ಲ. ಒಂದು ನಿಯಮ ಹೇಳಿದ ಕೂಡಲೇ ಅದು ಒಂದು ಪ್ರಾಣಿಗೋ, ಇಡೀ ಹಂತಕ್ಕೋ ಎಂದು ಕೇಳುವುದು, ಲೆಕ್ಕ ತಾಳೆಯಾಗದ ಜಾಗವನ್ನು ಹಿಡಿಯುವುದು, ಇದು ವಿಜ್ಞಾನಿಯ ಬುದ್ಧಿ. ಆ 10 ಶೇಕಡಾ ಇಡೀ ಪೋಷಣಾ ಹಂತಕ್ಕೆ ಸೇರಿದ್ದು. ಯಾರೂ ಬೇಟೆಯಾಡದ ಪ್ರಾಣಿಯ ದೇಹದಲ್ಲಿ ಉಳಿದ ಶಕ್ತಿ ಕೊನೆಗೆ ವಿಘಟಕ ಜೀವಿಗಳ ಕಡೆಗೆ ಹೋಗುತ್ತದೆ. ಪಾಠಯೋಜನೆಯಲ್ಲಿ ವಿಘಟಕಗಳು ಮರುದಿನದ ಪಾಠವಾಗಿದ್ದವು. ಹುಡುಗ ಒಂದು ದಿನ ಮೊದಲೇ ಅಲ್ಲಿಗೆ ತಲುಪಿದ್ದ. 'ಕಾಡಿನ ಮಕ್ಕಳಿಗೆ ಕಾಡು ಗೊತ್ತು' ಎಂಬ ಮೆಚ್ಚುಗೆಯಲ್ಲಿ ಅವನ ಬುದ್ಧಿಯನ್ನು ನಾವು ಹುಟ್ಟಿಗೆ ಕೊಟ್ಟು ಕೈತೊಳೆದುಕೊಂಡಂತಾಗುತ್ತದೆ. ಅಂದು ಸಂಜೆ ಪ್ರಶಿಕ್ಷಣಾರ್ಥಿಯ ಜೊತೆ ಕುಳಿತು ಮರುದಿನದ ಪಾಠವನ್ನು ಅವನ ಪ್ರಶ್ನೆಯಿಂದಲೇ ಶುರುಮಾಡುವಂತೆ ಯೋಜನೆ ತಿದ್ದಿದೆವು. ಅವಳು ಅವನ ಪ್ರಶ್ನೆಯನ್ನು ಹಲಗೆಯ ಮೇಲೆ ಬರೆದು ಪಕ್ಕದಲ್ಲಿ ಅವನ ಹೆಸರು ಬರೆದಳು. ಆ ಅವಧಿಯಲ್ಲಿ ಅವನು ಮೂರು ಬಾರಿ ಎದ್ದು ಮಾತಾಡಿದ ಎಂದು ಅವಳ ದಿನಚರಿಯಲ್ಲಿದೆ.

ಕೆ.ಆರ್.ನಗರದಲ್ಲಿ ಕಂಡದ್ದು ಇದಕ್ಕೆ ತಲೆಕೆಳಗಾದದ್ದು. ಅಲ್ಲಿನ ಒಂದು ಶಾಲೆಯ ಒಂಬತ್ತನೆಯ ತರಗತಿಯ ಹುಡುಗ ಎಲ್ಲರಿಗೂ ಗೊತ್ತಿದ್ದ ಪ್ರತಿಭಾವಂತ. ಪ್ರತಿ ರೂಪಣಾತ್ಮಕ ಮೌಲ್ಯಮಾಪನದಲ್ಲೂ ಪೂರ್ಣ ಅಂಕ, ಕ್ವಿಜ್ ತಂಡದ ನಾಯಕ, ಪ್ರಾರ್ಥನೆಯಲ್ಲಿ ದಿನದ ಸುದ್ದಿ ಓದುವವನು. ಅವನು ಲೆಕ್ಕ ಬೇಗ ಮುಗಿಸುತ್ತಿದ್ದುದರಿಂದ ಉಳಿದವರ ನೋಟ್‌ಬುಕ್ ತಿದ್ದುವ ಕೆಲಸ ಅವನಿಗೆ. ನಮ್ಮ ಪ್ರಶಿಕ್ಷಣಾರ್ಥಿಯೂ ಅದನ್ನೇ ಮುಂದುವರಿಸಿದಳು, ನನ್ನ ಹತ್ತಿರ ಅದನ್ನು 'ಸಹಪಾಠಿ ಕಲಿಕೆ' ಎಂದಳು. ಸಹಪಾಠಿ ಕಲಿಕೆ ಒಳ್ಳೆಯದೇ. ಆದರೆ ವರ್ಷವಿಡೀ ಕಲಿಸುತ್ತಲೇ ಇರುವ ಮಗು ತಾನು ಕಲಿಯುವುದು ಯಾವಾಗ?

ನಾನು ಅವನಿಗೆ ಒಂದು ಪ್ರಶ್ನೆ ಕೊಡಲು ಹೇಳಿದೆ: 1ರಿಂದ 20ರವರೆಗಿನ ಯಾವ ಸಂಖ್ಯೆಗಳನ್ನು ಎರಡು ವರ್ಗಸಂಖ್ಯೆಗಳ ವ್ಯತ್ಯಾಸವಾಗಿ ಬರೆಯಬಹುದು, ಯಾವುದನ್ನು ಬರೆಯಲಾಗದು, ಏಕೆ? ಹುಡುಗ ಕೇಳಿದ್ದು, "ಇದು ಪರೀಕ್ಷೆಗೆ ಬರುತ್ತಾ ಮಿಸ್?" ಇಲ್ಲ ಎಂದಾಗ ಪುಸ್ತಕ ಮುಚ್ಚಿದ. ಮರುದಿನ ಹೊಟ್ಟೆನೋವೆಂದು ಗಣಿತದ ಅವಧಿಯಲ್ಲಿ ಹೊರಗೆ ಕುಳಿತ. ಮೂರನೆಯ ದಿನ ಮೆಲ್ಲಗೆ ಅವಳ ಹತ್ತಿರ ಹೇಳಿದನಂತೆ: "ತಪ್ಪಾದ್ರೆ ಎಲ್ರೂ ನಗ್ತಾರೆ ಮಿಸ್." ಹದಿನಾಲ್ಕು ವರ್ಷದವರೆಗೆ ಆ ಮಗು ತನಗೆ ಬಾರದ ಒಂದು ಲೆಕ್ಕವನ್ನೂ ಶಾಲೆಯಲ್ಲಿ ಎದುರಿಸಿರಲಿಲ್ಲ. ತಪ್ಪುವುದು ಹೇಗೆಂದೇ ಅವನಿಗೆ ಕಲಿಸಿರಲಿಲ್ಲ.

ಆ ಪ್ರಶಿಕ್ಷಣಾರ್ಥಿ ಮಾಡಿದ ಕೆಲಸವನ್ನು ನಾನು ಈಗ ಪ್ರತಿ ತಂಡಕ್ಕೂ ಹೇಳುತ್ತೇನೆ. ಅವಳು ಅವನಿಗೆ, "ನನಗೂ ಇದರ ಉತ್ತರ ಗೊತ್ತಿಲ್ಲ. ನಾನೊಂದು ಹಾಳೆ, ನೀನೊಂದು ಹಾಳೆ. ಯಾರು ಹೆಚ್ಚು ತಪ್ಪು ಮಾಡ್ತೀವೋ ನೋಡೋಣ" ಎಂದಳು. ಅವಳಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಊಟದ ಬಿಡುವಿನಲ್ಲಿ ಮೂರು ದಿನ ಇಬ್ಬರೂ ಪಟ್ಟಿ ಮಾಡಿದರು, ಹೊಡೆದುಹಾಕಿದರು, ಮತ್ತೆ ಬರೆದರು. ಕೊನೆಗೆ ಖಾಲಿ ಉಳಿದದ್ದು 2, 6, 10, 14, 18. ಬೆಸಸಂಖ್ಯೆಗಳೆಲ್ಲ ಬಂದಿವೆ, 4ರ ಗುಣಕಗಳೆಲ್ಲ ಬಂದಿವೆ, ಇವಿಷ್ಟು ಬಂದಿಲ್ಲ. ಏಕೆ ಎಂಬುದನ್ನು ಹುಡುಗನೇ ಮೊದಲು ಹಿಡಿದ. ಎರಡು ಸಂಖ್ಯೆಗಳ ಮೊತ್ತವೂ ವ್ಯತ್ಯಾಸವೂ ಒಂದೋ ಎರಡೂ ಸಮ, ಇಲ್ಲವೇ ಎರಡೂ ಬೆಸ. ಹಾಗಾಗಿ ಗುಣಲಬ್ಧ ಒಂದೋ 4ರಿಂದ ಭಾಗವಾಗುತ್ತದೆ, ಇಲ್ಲವೇ ಬೆಸ. ಹೊಡೆದುಹಾಕಿದ ಹಾಳೆಗಳನ್ನು ಅವಳು ಎಸೆಯದೆ ತರಗತಿಯ ಗೋಡೆಗೆ ಅಂಟಿಸಿದಳು. ತರಗತಿಯ ಅತಿ ಜಾಣ ಹುಡುಗನ ತಪ್ಪುಗಳನ್ನು ಮಕ್ಕಳು ಸಾಲಾಗಿ ನಿಂತು ನೋಡಿದರು. ಯಾರೂ ನಗಲಿಲ್ಲ.

ಪಿರಿಯಾಪಟ್ಟಣದ ಪ್ರಸಂಗ ಚಿಕ್ಕದು, ಆದರೆ ನನಗೆ ಹೆಚ್ಚು ಕಲಿಸಿದ್ದು ಅದೇ. ಎಂಟನೆಯ ತರಗತಿ, ಒಂದು ಚರಾಕ್ಷರದ ರೇಖಾತ್ಮಕ ಸಮೀಕರಣಗಳು. ನಮ್ಮ ಪ್ರಶಿಕ್ಷಣಾರ್ಥಿಗೆ ನಾನು 'ಮೊದಲು ಕಷ್ಟದ್ದು' ಎಂಬ ಸರಳ ಉಪಾಯ ಹೇಳಿದ್ದೆ. ಹೊರದೇಶಗಳ ಶಿಕ್ಷಕರು ಬಹುಕಾಲದಿಂದ ಬಳಸುತ್ತಿರುವ ಉಪಾಯ ಅದು. ಅಭ್ಯಾಸದಲ್ಲಿ ಹತ್ತು ಲೆಕ್ಕಗಳಿದ್ದರೆ, ಅತಿ ಕಷ್ಟದ ಎರಡನ್ನು ಹಲಗೆಯ ಮೂಲೆಯಲ್ಲಿ ಬರೆಯಬೇಕು. ಯಾರು ಬೇಕಾದರೂ ಆ ಎರಡನ್ನೇ ಮೊದಲು ಮಾಡಬಹುದು. ಸರಿಯಾಗಿ ಮಾಡಿದವರು ಉಳಿದ ಎಂಟನ್ನು ಮಾಡಬೇಕಾಗಿಲ್ಲ, ಅವರಿಗೆ ಬೇರೆ ಪ್ರಶ್ನೆ ಕಾದಿರುತ್ತದೆ.

ಮರುದಿನ ಮೂವರು ಮಾಡಿಕೊಂಡು ಬಂದಿದ್ದರು. ಇಬ್ಬರು ನಿರೀಕ್ಷಿತರೇ. ಮೂರನೆಯವಳು ಮನೆಕೆಲಸ ಪೂರ್ಣ ಮಾಡದ ಮಕ್ಕಳ ಪಟ್ಟಿಯಲ್ಲಿ ತಪ್ಪದೆ ಇರುತ್ತಿದ್ದ ಹುಡುಗಿ. ನಕಲು ಮಾಡಿರಬಹುದೆಂದು ಪ್ರಶಿಕ್ಷಣಾರ್ಥಿಗೆ ಅನುಮಾನ. ಸಂಖ್ಯೆ ಬದಲಿಸಿ ಇನ್ನೊಂದು ಲೆಕ್ಕ ಕೊಟ್ಟ, ಅವಳು ಅಲ್ಲೇ ನಿಂತು ಬಿಡಿಸಿದಳು. "ಮತ್ತೆ ದಿನಾ ಏಕೆ ಮಾಡಿಕೊಂಡು ಬರಲ್ಲ?" ಎಂದು ಕೇಳಿದ. ಅವಳ ಉತ್ತರ: "ದಿನಾ ಹತ್ತು ಇರ್ತದಲ್ಲ ಸಾರ್. ನಿನ್ನೆ ಎರಡೇ ಸಾಕು ಅಂದ್ರಿ, ಅಷ್ಟಕ್ಕೆ ಹೊತ್ತಿತ್ತು."

ಅದು ಆಗಸ್ಟ್ ತಿಂಗಳು. ಅವಳ ಮನೆಯಲ್ಲೂ ಬ್ಯಾರನ್ ಇತ್ತು. ಪರಿಹಾರ ಬೋಧನೆಯ ಗುಂಪಿನಲ್ಲಿ ಅವಳ ಹೆಸರಿತ್ತು. ಪ್ರತಿಭಾವಂತರಿಗೆ ಸಮಯ ಕೊಟ್ಟರೆ ಹಿಂದುಳಿದವರ ಗತಿ ಏನು ಎಂದು ಶಾಲೆಗಳಲ್ಲಿ ನನ್ನನ್ನು ಕೇಳುತ್ತಾರೆ. ಕನ್ನಡ ಓದಲು ತಡಕಾಡುವ ಮಕ್ಕಳೇ ಇಷ್ಟೊಂದು ಇರುವಾಗ ಅದು ನ್ಯಾಯವಾದ ಪ್ರಶ್ನೆ. ಆದರೆ ಈ ಎರಡು ಗುಂಪುಗಳು ಬೇರೆ ಬೇರೆ ಎಂದು ನಾವು ಅಂದುಕೊಂಡಿದ್ದೇವೆ. ಪಿರಿಯಾಪಟ್ಟಣದ ಆ ಹುಡುಗಿ, ಕೋಟೆಯ ಆ ಹುಡುಗ, ಇಬ್ಬರೂ ಹಿಂದುಳಿದವರ ಪಟ್ಟಿಯಲ್ಲೇ ಇದ್ದರು.

ಅಮೆರಿಕದ ಶಿಕ್ಷಣತಜ್ಞ ಜೋಸೆಫ್ ರೆಂಝುಲ್ಲಿ 1978ರಲ್ಲಿ ಪ್ರತಿಭೆಯನ್ನು ಮೂರು ಉಂಗುರಗಳು ಕೂಡುವ ಜಾಗವೆಂದು ವಿವರಿಸಿದರು: ಸರಾಸರಿಗಿಂತ ಮೇಲಿನ ಸಾಮರ್ಥ್ಯ, ಸೃಜನಶೀಲತೆ, ಹಿಡಿದ ಕೆಲಸದಲ್ಲಿ ನಿಷ್ಠೆ. ನಾವು ಇದನ್ನು ಪರೀಕ್ಷೆಗಾಗಿ ಓದುತ್ತೇವೆ. ನನ್ನ ಅನುಭವದಲ್ಲಿ ಮೂರನೆಯ ಉಂಗುರ ತಾನಾಗಿ ಕಾಣುವುದಿಲ್ಲ. ಹಿಡಿಯಲು ತಕ್ಕ ಕೆಲಸವನ್ನೇ ಕೊಡದೆ ಮಗುವಿನಲ್ಲಿ ನಿಷ್ಠೆ ಇದೆಯೋ ಇಲ್ಲವೋ ಎಂದು ಹೇಳುವುದು ಹೇಗೆ? ರಾಷ್ಟ್ರೀಯ ಶಿಕ್ಷಣ ನೀತಿ 2020 ಕೂಡ ವಿಶೇಷ ಪ್ರತಿಭೆಯ ಮಕ್ಕಳಿಗೆ ಶಿಕ್ಷಕರು ಹೆಚ್ಚುವರಿ ಸಾಮಗ್ರಿ, ಮಾರ್ಗದರ್ಶನ, ಪ್ರೋತ್ಸಾಹ ಕೊಡಬೇಕೆಂದಿದೆ, ಬಿ.ಎಡ್. ಕಾರ್ಯಕ್ರಮಗಳಲ್ಲಿ ಈ ವಿಷಯದ ವಿಶೇಷ ಅಧ್ಯಯನಕ್ಕೆ ಅವಕಾಶ ಕೊಡಬಹುದೆಂದೂ ಹೇಳಿದೆ. ಆ ವಿಶೇಷ ಅಧ್ಯಯನ ನಮ್ಮ ಕಾಲೇಜಿಗೆ ಬರುವವರೆಗೆ ಕಾಯಬೇಕಾಗಿಲ್ಲ. ಈಗಿರುವ ಸಲಕರಣೆಗಳಲ್ಲೇ ಮಾಡಬಹುದಾದದ್ದನ್ನು ನಮ್ಮ ತಂಡಗಳು ಮಾಡಿ ನೋಡಿವೆ. ಪ್ರಶಿಕ್ಷಣಾರ್ಥಿ ಮಿತ್ರರಿಗಾಗಿ ಅವನ್ನು ಇಲ್ಲಿ ಹೇಳುತ್ತೇನೆ.

ಮೊದಲನೆಯದು ಸೇತುಬಂಧ. ಶಾಲೆ ತೆರೆದ ಕೂಡಲೇ ನಡೆಯುವ ಪೂರ್ವಪರೀಕ್ಷೆಯ ಹಾಳೆಗಳನ್ನು ನಾವು ಕೆಳಗಿನಿಂದ ಮಾತ್ರ ಓದುತ್ತೇವೆ: ಯಾರಿಗೆ ಏನು ಬಾರದು. ಅದೇ ಹಾಳೆಗಳನ್ನು ಇನ್ನೊಮ್ಮೆ ಮೇಲಿನಿಂದ ಓದಿ: ಯಾರಿಗೆ ಏನು ಈಗಾಗಲೇ ಬರುತ್ತದೆ. ಒಟ್ಟು ಅಂಕ ನೋಡಬೇಡಿ, ಒಂದೊಂದು ಪ್ರಶ್ನೆಯನ್ನೂ ನೋಡಿ. ಒಟ್ಟಾರೆ 12 ಅಂಕ ಬಂದ ಮಗು ಎಲ್ಲರೂ ಬಿಟ್ಟ ಕೊನೆಯ ಲೆಕ್ಕವನ್ನು ಮಾಡಿರಬಹುದು. ಇದಕ್ಕೆ ಹೊಸ ಪರೀಕ್ಷೆ ಬೇಡ, ಅರ್ಧ ಗಂಟೆ ಸಾಕು.

ಎರಡನೆಯದು ಪಾಠಯೋಜನೆಯ ಒಂದು ಸಾಲು. ನಮ್ಮ ಕಾಲೇಜಿನ ತಂಡಗಳು ಈಗ ಪ್ರತಿ ಯೋಜನೆಯ ಕೊನೆಯಲ್ಲಿ 'ಮೊದಲೇ ಗೊತ್ತಿರುವವರಿಗೆ' ಎಂದು ಬರೆದು ಒಂದು ಪ್ರಶ್ನೆ ಹಾಕುತ್ತಾರೆ. ಅದು ಇನ್ನಷ್ಟು ಲೆಕ್ಕಗಳಾಗಿರಬಾರದು. ಹತ್ತು ಮಾಡಿದ ಮಗುವಿಗೆ ಇನ್ನೂ ಹತ್ತು ಕೊಟ್ಟರೆ ಅದು ಶಿಕ್ಷೆಯಾಗುತ್ತದೆ, ಮುಂದಿನ ಸಲ ಮಗು ನಿಧಾನವಾಗಿ ಮಾಡಲು ಕಲಿಯುತ್ತದೆ. ಮುಂದಿನ ತರಗತಿಯ ಪಾಠವೂ ಆಗಿರಬೇಕಾಗಿಲ್ಲ. ಅದೇ ಪಾಠದ ಒಳಗೆ ಇನ್ನೊಂದು ಮೆಟ್ಟಿಲು ಕೆಳಗಿಳಿಯುವ ಪ್ರಶ್ನೆ ಬೇಕು: ಇದು ಯಾವಾಗಲೂ ನಿಜವೇ, ಎಲ್ಲಿ ಸುಳ್ಳಾಗುತ್ತದೆ, ಏಕೆ.

ಮೂರನೆಯದು, ತರಗತಿಗೆ ಸಾರಿ ಹೇಳಬೇಡಿ. 'ಇವರು ಜಾಣರು' ಎಂಬ ಗುಂಪು ಕಟ್ಟಬೇಡಿ. ಕಷ್ಟದ ಪ್ರಶ್ನೆ ಹಲಗೆಯ ಮೂಲೆಯಲ್ಲಿ ಎಲ್ಲರಿಗೂ ಕಾಣುವಂತಿರಲಿ, ಯಾರು ಬೇಕಾದರೂ ಬರಲಿ. ಇವತ್ತು ಬಂದವರು ನಾಳೆ ಬಾರದಿರಬಹುದು, ನಾಳೆ ಹೊಸಬರು ಬರಬಹುದು. ಹೆಸರು ಹಿಡಿದು ಕರೆದಿದ್ದರೆ ಪಿರಿಯಾಪಟ್ಟಣದ ಹುಡುಗಿಯನ್ನು ಯಾರೂ ಕರೆಯುತ್ತಿರಲಿಲ್ಲ.

ನಾಲ್ಕನೆಯದು ಎನ್.ಎಂ.ಎಂ.ಎಸ್. ನೀವು ಎಂಟನೆಯ ತರಗತಿಗೆ ಹೋದರೆ ಮೊದಲ ವಾರದಲ್ಲೇ ಮುಖ್ಯೋಪಾಧ್ಯಾಯರನ್ನು ಇದರ ಬಗ್ಗೆ ಕೇಳಿ. 2008ರಿಂದ ನಡೆಯುತ್ತಿರುವ ಈ ಕೇಂದ್ರ ವಿದ್ಯಾರ್ಥಿವೇತನ ಸರ್ಕಾರಿ, ಅನುದಾನಿತ ಮತ್ತು ಸ್ಥಳೀಯ ಸಂಸ್ಥೆಗಳ ಶಾಲೆಗಳಲ್ಲಿ ಓದುವ, ಪೋಷಕರ ವಾರ್ಷಿಕ ಆದಾಯ 3.5 ಲಕ್ಷ ಮೀರದ ಮಕ್ಕಳಿಗೆ. ಏಳನೆಯ ತರಗತಿಯಲ್ಲಿ 55 ಶೇಕಡಾ ಅಂಕವಿರಬೇಕು. ಪರಿಶಿಷ್ಟ ಜಾತಿ, ಪಂಗಡದ ಮಕ್ಕಳಿಗೆ 5 ಶೇಕಡಾ ವಿನಾಯಿತಿ. ಸಾಮಾನ್ಯ ಮಾನಸಿಕ ಸಾಮರ್ಥ್ಯ ಮತ್ತು ವಿಷಯಗಳ ಸಾಧನೆ ಎಂದು ಎರಡು ಪತ್ರಿಕೆಗಳು, ಒಂದೊಂದರಲ್ಲೂ 90 ಪ್ರಶ್ನೆ, 90 ನಿಮಿಷ. ಆಯ್ಕೆಯಾದರೆ ಒಂಬತ್ತರಿಂದ ದ್ವಿತೀಯ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ. ನಮ್ಮ ತಾಲ್ಲೂಕುಗಳ ಬಹಳಷ್ಟು ಮನೆಗಳಲ್ಲಿ ಹೆಣ್ಣುಮಗಳು ಹತ್ತರ ನಂತರ ಓದುತ್ತಾಳೋ ಇಲ್ಲವೋ ಎಂಬುದನ್ನು ಈ ಹಣ ತೀರ್ಮಾನಿಸಬಲ್ಲದು. ಆದಾಯ ಪ್ರಮಾಣಪತ್ರಕ್ಕೆ ಯಾರ ಮನೆಯವರು ಓಡಾಡಲಾರರು, ಯಾರು ಸೊಪ್ಪಿನ ಕೆಲಸಕ್ಕೆ ಉಳಿದುಕೊಂಡಿದ್ದಾರೆ ಎಂದು ಪಟ್ಟಿ ಮಾಡಿ. ಮಾನಸಿಕ ಸಾಮರ್ಥ್ಯದ ಪ್ರಶ್ನೆಗಳನ್ನು ಶನಿವಾರದ ಒಂದು ಅವಧಿಯಲ್ಲಿ ಎಲ್ಲರಿಗೂ ಆಟದಂತೆ ಆಡಿಸಿ. ಅಂಕಪಟ್ಟಿಯಲ್ಲಿ ಕಾಣದ ಮಕ್ಕಳು ಅಲ್ಲಿ ಕಾಣುತ್ತಾರೆ.

ಕೊನೆಯದು ನನ್ನಂಥ ಮೇಲ್ವಿಚಾರಕರಿಗೆ. ವೀಕ್ಷಣಾ ಪಟ್ಟಿಯ ಅಂಚಿನಲ್ಲಿ ನಾನು ಪೆನ್ಸಿಲ್‌ನಲ್ಲಿ ಎರಡು ಪ್ರಶ್ನೆ ಬರೆದುಕೊಳ್ಳುತ್ತೇನೆ. ಈ ಅವಧಿಯಲ್ಲಿ ಯಾವ ಮಗು ಕಿಟಕಿಯಿಂದ ಹೊರಗೆ ನೋಡಿತು? 'ಆಮೇಲೆ ಹೇಳುತ್ತೇನೆ' ಎಂದ ಪ್ರಶ್ನೆಗೆ ಆಮೇಲೆ ಉತ್ತರ ಬಂತೇ? ಪಾಠ ಯೋಜನೆಯಂತೆ ಸಾಗಿತೇ ಎಂಬುದಕ್ಕಿಂತ ಇವೆರಡರ ಉತ್ತರ ಆ ತರಗತಿಯ ಬಗ್ಗೆ ಹೆಚ್ಚು ಹೇಳುತ್ತದೆ. ನಾವು ಯಾವುದಕ್ಕೆ ಅಂಕ ಕೊಡುತ್ತೇವೋ ಅದನ್ನೇ ಪ್ರಶಿಕ್ಷಣಾರ್ಥಿ ಕಲಿಯುತ್ತಾನೆ. ಅಂದು ಆ ಹುಡುಗಿಯನ್ನು ಕೂರಿಸಿದ ಯುವಕನ ತಪ್ಪು ಚಿಕ್ಕದು. ಅವನು ಹೊಸಬ, ಹಿಂದೆ ಮೇಲ್ವಿಚಾರಕ ಕುಳಿತಿದ್ದಾನೆಂಬ ಭಯ ಬೇರೆ. ಹಿಂದೆ ಕುಳಿತು ಅದಕ್ಕೆ ಒಂಬತ್ತು ಅಂಕ ಕೊಟ್ಟವನು ನಾನು.

ಹುಣಸೂರಿನ ಹುಡುಗಿಯ ಮಾತನ್ನು ಅರ್ಧಕ್ಕೆ ಬಿಟ್ಟಿದ್ದೆ. 36ರ ಪ್ರಶ್ನೆಗೆ ಅವಳು ತಲೆ ತಗ್ಗಿಸಿದ ಮೇಲೆ, ಆ ಶಾಲೆಯಲ್ಲಿದ್ದ ನಮ್ಮ ಪ್ರಶಿಕ್ಷಣಾರ್ಥಿಗೆ ವಿಷಯ ತಿಳಿಸಿ ಬಂದಿದ್ದೆ. ಅವಸರ ಮಾಡಬೇಡ, ಸ್ಟೆಪ್ಸ್ ಕೇಳಬೇಡ, ದಿನಕ್ಕೊಮ್ಮೆ 'ಆ ಹೊಲ ಏನಾಯಿತು' ಎಂದು ಕೇಳು, ಅಷ್ಟೇ ಎಂದಿದ್ದೆ. ಎರಡು ವಾರದ ನಂತರ ಅವನು ಒಂದು ನೋಟ್‌ಬುಕ್ ಹಾಳೆ ತಂದುಕೊಟ್ಟ. ಅದರಲ್ಲಿ 36 ಸಾಲಿನ ಹೊಲವಿತ್ತು. 6 ಸಾಲು ಕಿತ್ತು, ಉಳಿದ 30 ಸಾಲಿಗೆ 42 ಸಸಿ, ಕೈಯಲ್ಲಿ 36, ಒಟ್ಟು 1,296. ಕೆಳಗೆ 37ರದ್ದು: 30 ಸಾಲಿಗೆ 44, ಕೈಯಲ್ಲಿ 49, ಒಟ್ಟು 1,369. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ, ಅಳಿಸಿ ಮತ್ತೆ ಬರೆದ ಒಂದು ಸಾಲು: "ಐದೇ ಆಗಬೇಕಿಲ್ಲ ಸಾರ್. ನೂರರ ಮೇಲಿನದಕ್ಕೆ ಎಷ್ಟು ಸಾಲು ಕೀಳಬೇಕು?"

ಆ ಹಾಳೆ ನನ್ನ ವೀಕ್ಷಣಾ ಪುಸ್ತಕದಲ್ಲಿದೆ. ಅದಕ್ಕೆ ಹಿಂದಿನ ವರ್ಷದ ನನ್ನ ಒಂಬತ್ತು ಅಂಕದ ಹಾಳೆಯನ್ನೂ ಜೋಡಿಸಿ ಪಿನ್ ಮಾಡಿದ್ದೇನೆ. ಪ್ರತಿ ವರ್ಷ ಅಭ್ಯಾಸ ಬೋಧನೆಗೆ ಹೊರಡುವ ಮೊದಲು ಹೊಸ ತಂಡಕ್ಕೆ ಎರಡನ್ನೂ ತೋರಿಸುತ್ತೇನೆ. ಆ ದಿನದ ಪಾಠವನ್ನು ಇಂದು ನೋಡಿದ್ದರೆ ಏನು ಬರೆಯುತ್ತಿದ್ದಿರಿ ಎಂದು ಅವರು ಕೇಳುತ್ತಾರೆ. ಇಷ್ಟನ್ನು ಬರೆಯುತ್ತಿದ್ದೆ: "ಮೂರನೆಯ ಬೆಂಚಿನ ಮಗುವಿಗೆ ಈ ಪಾಠ ಮೊದಲೇ ಗೊತ್ತಿತ್ತು. ಅವಳಿಗೆ ಹೇಗೆ ಗೊತ್ತಾಯಿತೆಂದು ನಾಳೆ ಕೇಳಿ."